ಉಳಿಯಬೇಕಾಗಿದ್ದ ಎಂಜಿನ್ನು

ಬಳ್ಳಾರಿಗೆ ಹೋದವರು ಊರ ಮಗ್ಗುಲಲ್ಲೇ ಇರುವ ಸಂಗನಕಲ್ಲಿನ ಗುಡ್ಡಗಳನ್ನು ನೋಡದೆ ಹಿಂದಿರುಗಬಾರದು. ಸಾವಿರಾರು ವರ್ಷಗಳ ಹಿಂದೆ, ಲೋಹವನ್ನೇ ಅರಿಯದಿದ್ದ ಜನ ಅಲ್ಲಿ ಕುಳಿತು ಕರಿಗಲ್ಲನ್ನು ಕಡೆದು, ಉಜ್ಜಿ, ನಯಮಾಡಿ ಕೊಡಲಿಗಳನ್ನು ತಯಾರಿಸುತ್ತಿದ್ದರು. ಅದೊಂದು ಕಾರ್ಖಾನೆಯೇ ಸರಿ. ಅಲ್ಲಿ ನಿಂತಾಗ ನನಗೆ ನೆನಪಾದದ್ದು, ವಾಚಕರು ನಗಬಾರದು, ಸ್ಕಾಟ್ಲೆಂಡಿನ ಒಂದು ಉಗಿ ಎಂಜಿನ್ನು! ಎಲ್ಲಿಂದೆಲ್ಲಿಯ ಸಂಬಂಧವೆಂಬುದನ್ನು ಕಡೆಗೆ ಹೇಳುತ್ತೇನೆ.

ಅಲ್ಲಿನ ನಾರ್ತ್ ಬ್ರಿಟಿಷ್ ರೈಲ್ವೆಯವರಿಗೆ ಬಂಡಿಗಳ ಭಾರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದುದೇ ಒಂದು ಚಿಂತೆಯಾಗಿತ್ತು. ಎಡಿನ್‌ಬರೋದಿಂದ ಉತ್ತರಕ್ಕೆ ಆಬರ್ಡೀನಿಗೆ ಹೋಗಬೇಕಾದರೆ ಫೋರ್ತ್ ಮತ್ತು ಟೇ ಅಳಿವೆಗಳ ಮಹಾಸೇತುವೆಗಳನ್ನು ದಾಟಬೇಕು. ದಕ್ಷಿಣಕ್ಕೆ ಕಾರ್ಲೈಲಿಗೆ ಹೊರಟರೆ ಬೆಟ್ಟಗಳ ಏರು ಎದುರಾಗುತ್ತದೆ. ಅದಕ್ಕಾಗಿ ಡಬ್ಲ್ಯು. ಪಿ. ರೀಡ್ ಎಂಬ ಯಂತ್ರಶಿಲ್ಪಿ 1906ರಲ್ಲಿ 'ಅಟ್ಲಾಂಟಿಕ್' ಮಾದರಿಯ 14 ಎಂಜಿನ್ನುಗಳನ್ನು ಮಾಡಿಸಿದನು. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಎಳೆಯುವ ನಾಲ್ಕು ದೊಡ್ಡ ಗಾಲಿ, ಹಿಂದೆ ಎರಡು. ದೊಡ್ಡ ಗಾಲಿಯ ಎತ್ತರ 6 ಅಡಿ 9 ಅಂಗುಲ. ಎತ್ತರದ ಆಳು ಪಕ್ಕದಲ್ಲಿ ನಿಂತರೂ ಗಾಲಿಯೇ ಮೇಲು! 1911ರಲ್ಲಿ ಆರು, 1921ರಲ್ಲಿ ಎರಡು ಸೇರಿ ಒಟ್ಟು 22 ಆದವು. 'ಆಬರ್ಡೋನಿಯನ್', 'ಮಿಡ್‌ಲೋಥಿಯನ್' ಎಂದು ಪ್ರತಿಯೊಂದಕ್ಕೂ ಹೆಸರಿಟ್ಟರು. ಒಂದರ ಹೆಸರಂತೂ 'ಆಲ್ಡ್ ರೀಕಿ'. ಹಾಗೆಂದರೆ 'ಹೊಗೆಯ ಮುದುಕಿ'. ಎಡಿನ್‌ಬರೋ ನಗರದ ಅಡ್ಡಹೆಸರು ಅದು.

ಮೊದಲ 14ನ್ನು ಕಟ್ಟಿದವರು ಗ್ಲಾಸ್ಗೋ ನಗರದ ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿಯವರು. ಇವರು ನಮಗೆ ಅಪರಿಚಿತರಲ್ಲ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಮೀಟರ್ ಗೇಜ್ ಹಳಿಗಳಿಗೆ ಬಂದ 'ವೈ.ಪಿ.' ಎಂಜಿನ್ನುಗಳಲ್ಲಿ 100 ಅವರ ಕೈಕೆಲಸ. ಗುಂತಕಲ್ಲಿನಿಂದ ಬಳ್ಳಾರಿಯ ಮೇಲೆ ಹುಬ್ಬಳ್ಳಿಗೆ ಹೋಗುವ ದಾರಿಯೂ ಆಗ ಮೀಟರ್ ಗೇಜೇ. 1903ರಲ್ಲಿ ಹುಟ್ಟಿದ ಆ ಕಂಪನಿ 1962ರಲ್ಲಿ ಬಾಗಿಲು ಮುಚ್ಚಿತು.

ಇನ್ನು ಅಟ್ಲಾಂಟಿಕ್‌ಗಳ ಪಾಡು ಕೇಳಿ. ಅವು ಒಂದೊಂದಾಗಿ ಗುಜರಿ ಸೇರಿದವು. 1937ರಲ್ಲಿ 'ಮಿಡ್‌ಲೋಥಿಯನ್' ಸರದಿ ಬಂದಾಗ, ಇದೊಂದನ್ನಾದರೂ ಮುಂದಿನವರಿಗಾಗಿ ಉಳಿಸೋಣವೆಂದು ಯಾರಿಗೋ ಹೊಳೆಯಿತು. ಅದನ್ನು ಮತ್ತೆ ಸಜ್ಜುಗೊಳಿಸಿ ಹಳಿಯ ಮೇಲೆ ತಂದರು. ಅಷ್ಟರಲ್ಲಿ 1939ರ ಯುದ್ಧ ಬಂತು. ಉಳಿಸಲೆಂದೇ ಎತ್ತಿಟ್ಟಿದ್ದನ್ನೂ ಒಡೆದುಹಾಕಿದರು. ಇಂದು ಆ 22ರಲ್ಲಿ ಒಂದೂ ಇಲ್ಲ.

ಸಂಗನಕಲ್ಲಿನ ಪಕ್ಕದ ಕಪ್ಪಗಲ್ಲು ಗುಡ್ಡದಲ್ಲಿ ಆದಿಮಾನವರು ಕೊರೆದ ಗೂಳಿಗಳಿವೆ. ತಟ್ಟಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ. ಆದರೆ ಕಲ್ಲುಗಣಿಯ ಸುತ್ತಿಗೆ ಈ ಗುಡ್ಡಗಳನ್ನೂ ಬಿಟ್ಟಿಲ್ಲ. ಎಂಜಿನ್ನಿನ ನಕಾಶೆ ಇದ್ದರೆ ಎಂದಾದರೊಂದು ದಿನ ಹೊಸದನ್ನು ಕಟ್ಟಿಯಾರು. ಗುಡ್ಡಕ್ಕೆ ನಕಾಶೆ ಎಲ್ಲಿಯದು? ಉಳಿಸಬೇಕೆಂಬ ಬುದ್ಧಿ ಬಂದರಷ್ಟೇ ಸಾಲದು; ಅದು ಹೊತ್ತಿಗೆ ಮುಂಚೆ ಬರಬೇಕು, ಬಂದ ಮೇಲೆ ನಿಲ್ಲಬೇಕು.