ಸೆಸ್ ಕೊಡೋರು ಇವರು, ದರ ಕಟ್ಟೋರು ಅವರು

ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಬಸ್ಸಿಗೆ ಕಾಯುವವರಿಗೆ ಯಶವಂತಪುರದ ಯಾರ್ಡಿಗೆ ಮೂಟೆ ಹೊತ್ತು ಹೋಗುವ ಲಾರಿಗಳು ಹೊಸತಲ್ಲ. ನಾಗಸಂದ್ರದ ದಿನಸಿ ಅಂಗಡಿಯವರು ಟೆಂಪೋ ಮಾಡಿಕೊಂಡು ಓಡುವುದೂ ಅದೇ ಯಾರ್ಡಿಗೆ. ಆ ಮೂಟೆಯ ಮೇಲೆ ಬೀಳುವ ಮಾರುಕಟ್ಟೆ ಶುಲ್ಕ, ಜನರ ಬಾಯಲ್ಲಿ ಸೆಸ್ಸು, ಎಷ್ಟಿರಬೇಕೆಂದು ಇವರನ್ನು ಯಾರಾದರೂ ಒಂದು ಮಾತು ಕೇಳಿದ್ದುಂಟೆ?

ನೂರು ರೂಪಾಯಿ ಮಾಲಿಗೆ ಒಂದೂವರೆ ರೂಪಾಯಿ ಇತ್ತು. 2020ರಲ್ಲಿ ಸರ್ಕಾರ 35 ಪೈಸೆಗೆ ಇಳಿಸಿತು. ಆಮೇಲೆ 60 ಪೈಸೆಗೆ ಏರಿತು. ಮೂರು ಸಾವಿರ ರೂಪಾಯಿಯ ರಾಗಿಗೆ ಲೆಕ್ಕ ಹಾಕಿ ನೋಡಿ: ಮೊದಲು 45 ರೂಪಾಯಿ, ನಂತರ ಹತ್ತೂವರೆ, ಆಮೇಲೆ 18. ಇಳಿಸಿದ್ದೂ ವಿಧಾನಸೌಧ, ಏರಿಸಿದ್ದೂ ವಿಧಾನಸೌಧ.

ಎ.ಪಿ.ಎಂ.ಸಿ.ಗೆ ಚುನಾವಣೆ ಇಲ್ಲವೇ ಅಂದರೆ, ಉಂಟು. 1966ರ ಕಾಯಿದೆಯಂತೆ ರೈತರೂ ವರ್ತಕರೂ ತಂತಮ್ಮ ಸದಸ್ಯರನ್ನು ಆರಿಸುತ್ತಾರೆ. ಜೀಪು, ಹಾರ, ಪಟಾಕಿ ಎಲ್ಲಾ ಆಗುತ್ತೆ. ಗೆದ್ದವನ ಕೈಲಿ ಸೆಸ್ಸಿನ ದರ ಮಾತ್ರ ಇರೋಲ್ಲ. ಓಟು ಆಳಿಗೆ, ಕಾಸಿಗಲ್ಲ.

ಶುಲ್ಕ ಕೊಂಡವನದು, ರೈತನಿಂದ ಹಿಡಿಯಕೂಡದು ಅನ್ನುತ್ತೆ ಕಾಯಿದೆ. ಕಾಗದದ ಮೇಲೆ ಸರಿ. ಹರಾಜಿನಲ್ಲಿ ನಿಂತ ವರ್ತಕ ಸೆಸ್ಸನ್ನು ಮನಸ್ಸಿನಲ್ಲೇ ಕಳೆದು ಬೆಲೆ ಕೂಗುತ್ತಾನೆ. ಅಲ್ಲಿ ಗಿಟ್ಟದ್ದನ್ನು ಅಂಗಡಿಯವನ ಬಿಲ್ಲಿಗೆ ಸೇರಿಸುತ್ತಾನೆ. ಅಂಗಡಿಯವನು ಅದನ್ನು ಬಸ್ಸಿಳಿದು ಬಂದು ಒಂದು ಕೆ.ಜಿ. ಕೇಳುವ ಗಿರಾಕಿಯ ತಲೆಗೆ ಕಟ್ಟುತ್ತಾನೆ. ವ್ಯಾಪಾರ ಅಂದರೆ ಅಷ್ಟೆ, ಬಯ್ದು ಪ್ರಯೋಜನವಿಲ್ಲ.

ಅಮೆರಿಕದಲ್ಲಿ ಬೇರೆ ಪದ್ಧತಿ. ಅಲ್ಲಿ ಮಾಲಿನ ಪ್ರಚಾರಕ್ಕೆಂದು ಬೆಳೆದವರಿಂದಲೂ ಹೊರದೇಶದಿಂದ ತರಿಸುವವರಿಂದಲೂ ವಂತಿಗೆ ಎತ್ತುತ್ತಾರೆ, ಮಾವಿನ ಹಣ್ಣಿಗೂ ಉಂಟು. ವಂತಿಗೆ ಇರಲೋ ಬೇಡವೋ ಅಂತ ಕೊಡುವವರನ್ನೇ ಓಟಿಗೆ ಕರೆಯುತ್ತಾರೆ. ಹಾಗಂತ ಅದೇನು ಸತ್ಯಲೋಕವಲ್ಲ. 2000ದಲ್ಲಿ ಹಂದಿ ಸಾಕುವವರು ಓಟು ಹಾಕಿದರು. ಬೇಡ ಅಂದವರು 15,951, ಬೇಕು ಅಂದವರು 14,396. ಕೃಷಿ ಮಂತ್ರಿ ನಿಲ್ಲಿಸುತ್ತೇವೆಂದರು. ಅಷ್ಟರಲ್ಲಿ ಸರ್ಕಾರ ಬದಲಾಯಿತು, ಹೊಸ ಮಂತ್ರಿ ಬಂದರು, ವಂತಿಗೆ ಮುಂದುವರಿಯಿತು! ಆದರೂ ಬೇಡ ಅಂದವರ ಲೆಕ್ಕ ಜಗತ್ತಿಗೆ ತಿಳಿಯಿತಲ್ಲ, ಇಲ್ಲಿ ಅದೂ ಇಲ್ಲ.

ಓಟಿಗೆ ಬಿಟ್ಟರೆ ಎಲ್ಲರೂ ಸೊನ್ನೆ ಅಂತಾರೆ, ಯಾರ್ಡಿನ ದೀಪ, ಚರಂಡಿ, ಕಾವಲುಗಾರನ ಸಂಬಳಕ್ಕೆ ಏನು ಮಾಡೋದು ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ಸೆಸ್ಸು ಪೂರ್ತಿ ಹೋದರೆ ಮೊದಲು ಕತ್ತಲಾಗುವುದು ಹರಾಜಿನ ಕಟ್ಟೆಯೇ, ಕತ್ತಲಲ್ಲಿ ತೂಕ ತಪ್ಪಿ ಹೊಡೆತ ಬೀಳುವುದು ರೈತನಿಗೇ. ಅದಕ್ಕೇ ಓಟಿಗೆ ಮೊದಲು ಲೆಕ್ಕ ಬರಲಿ. ಬಂದದ್ದೆಷ್ಟು, ಯಾವ ಚರಂಡಿಗೆ ಹೋದದ್ದೆಷ್ಟು, ಯಾರ್ಡಿನ ಗೇಟಿನಲ್ಲಿ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಹಾಕಲಿ. ಐದು ವರ್ಷಕ್ಕೊಮ್ಮೆ ಸದಸ್ಯರ ಚೀಟಿಯ ಜೊತೆಗೇ ದರದ ಚೀಟಿಯನ್ನೂ ಕೊಡಲಿ. ಚರಂಡಿ ಸರಿಯಿದ್ದರೆ 60 ಪೈಸೆ ಕೊಡೋಕೆ ಯಾವ ವರ್ತಕನೂ ಸಾಯುವುದಿಲ್ಲ.

ಯಾರ್ಡಿನ ಲೈಸೆನ್ಸೂ ಇಲ್ಲದ, ಹೊಲವೂ ಇಲ್ಲದ ನಾಗಸಂದ್ರದ ಚಿಲ್ಲರೆ ಅಂಗಡಿಯವನನ್ನು ಯಾವ ಪಟ್ಟಿಗೆ ಸೇರಿಸಬೇಕು ಅನ್ನೋದು ಆಮೇಲಿನ ಜಗಳ.