ಹುಟ್ಟಿನ ದೋಣಿಗೆ ಎಂಜಿನ್ನು ಬೇಡ

ರಂಗನತಿಟ್ಟಿಗೆ ಹೋಗಿ ಮರಳಿದವರ ದೂರು ಸಾಮಾನ್ಯವಾಗಿ ಒಂದೇ ಬಗೆಯದು: ಸರದಿ ಉದ್ದ, ದೋಣಿ ನಿಧಾನ, ನೋಡಿದ್ದು ಸಾಲದು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಪರಿಹಾರವನ್ನೂ ಸೂಚಿಸಿದ್ದಾರೆ. ಹುಟ್ಟುಹಾಕುವ ದೋಣಿಗಳನ್ನು ಬಿಟ್ಟು ಮೋಟಾರು ದೋಣಿಗಳನ್ನು ತರಬೇಕಂತೆ. ಕನ್ನಂಬಾಡಿ ಕಟ್ಟೆಯ ಕೆಳಗಿನಿಂದ ಶ್ರೀರಂಗಪಟ್ಟಣದವರೆಗೂ ಜಲಕ್ರೀಡೆಗಳನ್ನು ಏರ್ಪಡಿಸಬೇಕಂತೆ. ನಿಮ್ಮ ಉತ್ಸಾಹಕ್ಕೆ ಸಂತೋಷ. ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ.

ಈ ಹರಿವು ಎಂಥದೆಂಬುದನ್ನು ಮೊದಲು ನೋಡೋಣ. ಮೇಲ್ಗಡೆ, 1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರ. ಅದರ ಕೆಳಗೆ, ಹೊಲಗದ್ದೆಗಳಿಗೆ ನೀರು ತಿರುಗಿಸಲು ಮೈಸೂರು ಅರಸರು ಕಟ್ಟಿಸಿದ ಹಳೆಯ ಒಡ್ಡುಗಳು. 1645ರಿಂದ 1648ರ ನಡುವೆ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದಲೇ ರಂಗನತಿಟ್ಟಿನ ನಡುಗಡ್ಡೆಗಳು ರೂಪುಗೊಂಡವು. ರೈತನಿಗಾಗಿ ಕಟ್ಟಿದ ಕಲ್ಲು ಹಕ್ಕಿಗೂ ಮನೆ ಮಾಡಿಕೊಟ್ಟಿತು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು.

"ಹೇಗೂ ಮನುಷ್ಯನೇ ಮಾಡಿದ್ದಲ್ಲವೇ ಸಾರ್, ಇನ್ನಷ್ಟು ಮಾಡಿದರೆ ತಪ್ಪೇನು?" ಎಂದು ಕೇಳುವಿರಿ. ತಪ್ಪಿದೆ. ಹಳೆಯ ಒಡ್ಡು ತಗ್ಗಾದುದು. ನಾಲೆಗೆ ಬೇಕಾದಷ್ಟನ್ನು ತಿರುಗಿಸಿ, ಉಳಿದ ನೀರನ್ನು ತನ್ನ ತಲೆಯ ಮೇಲೆಯೇ ಹರಿಯಗೊಡುತ್ತದೆ. ಕಟ್ಟಿದವರು ನದಿಯೊಡನೆ ಒಂದು ಒಪ್ಪಂದಕ್ಕೆ ಬಂದಂತಿದೆ. ನೀವು ಕೇಳುತ್ತಿರುವ ಎಂಜಿನ್ನಿಗೆ ಅಂಥ ಯಾವ ಒಪ್ಪಂದವೂ ಇಲ್ಲ. ನದಿರೀವ ಎಂಬ ಹಕ್ಕಿ ಗೂಡು ಕಟ್ಟುವುದಿಲ್ಲ. ನೀರಿನಿಂದ ತುಸುವೇ ಮೇಲೆದ್ದ ಬರಿಯ ಬಂಡೆಯ ಮೇಲೆ ಮೊಟ್ಟೆಯಿಡುತ್ತದೆ. ವೇಗದ ದೋಣಿ ಎಬ್ಬಿಸುವ ಅಲೆ ಅದನ್ನು ತೊಳೆದೊಯ್ಯಲು ಎಷ್ಟು ಹೊತ್ತು ಬೇಕು? ಹುಟ್ಟಿನ ದೋಣಿಯನ್ನು ಅಂಬಿಗನು ಬಂಡೆಯ ಬಳಿ ಸದ್ದಿಲ್ಲದೆ ನಿಲ್ಲಿಸಬಲ್ಲ. ಮೊಸಳೆ ಬಿಸಿಲು ಕಾಯುತ್ತಲೇ ಇರುತ್ತದೆ, ಬಣ್ಣದ ಕೊಕ್ಕರೆ ಮರಿಗೆ ಗುಟುಕು ಕೊಡುತ್ತಲೇ ಇರುತ್ತದೆ. ನೀವು ದೂರುವ ಆ ನಿಧಾನವೇ ನಿಮಗೆ ಇಷ್ಟನ್ನು ತೋರಿಸಿದ್ದು.

ಜಲಕ್ರೀಡೆಯ ಮಾತಂತೂ ಇನ್ನೂ ಅಪಾಯಕರ. ಒಡ್ಡಿನ ಮೇಲಿಂದ ಬೀಳುವ ನೀರು ಬುಡದಲ್ಲಿ ಮಗುಚಿಕೊಂಡು ಹಿಂದಕ್ಕೇ ಸೆಳೆಯುತ್ತದೆ. ಬಲ್ಲ ಈಜುಗಾರನನ್ನೂ ಅದು ಬಿಡುವುದಿಲ್ಲ. ಮೇಲಾಗಿ ಇಲ್ಲಿಯ ನೀರಿನ ಮಟ್ಟ ಅಣೆಕಟ್ಟಿನ ಬಾಗಿಲುಗಳ ಕೈಯಲ್ಲಿದೆ. 2018 ಮತ್ತು 2019ರ ಮಳೆಗಾಲಗಳಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚಿನ ನೀರು ಬಿಟ್ಟಾಗ ಇಲ್ಲಿ ದೋಣಿವಿಹಾರವನ್ನೇ ನಿಲ್ಲಿಸಬೇಕಾಯಿತು. ಇಂಥ ಹರಿವಿನಲ್ಲಿ, ಅದೂ ಮೊಸಳೆಗಳ ನಡುವೆ, ಮಕ್ಕಳನ್ನು ಆಟಕ್ಕಿಳಿಸುವುದು ಯಾವ ವಿವೇಕ?

ಹಾಗಾದರೆ ಜನ ಬರಲೇಬಾರದೇ? ಖಂಡಿತ ಬರಬೇಕು. ಜನಸಂದಣಿಯ ತೊಂದರೆ ನಿಜ. ಅಂಬಿಗರ ಸಂಪಾದನೆಯ ಪ್ರಶ್ನೆಯೂ ನಿಜ. ಅದಕ್ಕೆ ಮದ್ದು ವೇಗವಲ್ಲ, ಮಿತಿ. ದಿನಕ್ಕೆ ಇಷ್ಟೇ ಜನರೆಂದು ಗೊತ್ತುಪಡಿಸಿ, ಹೊತ್ತನ್ನು ಮುಂಗಡವಾಗಿ ನಿಗದಿ ಮಾಡಲಿ. ಉಳ್ಳವರಿಂದ ಶುಲ್ಕ ಹೆಚ್ಚು ಪಡೆದು, ಆ ಹೆಚ್ಚಳವನ್ನು ಹುಟ್ಟು ಹಿಡಿದ ಕೈಗೆ ಕೊಡಲಿ. ಸರಕಾರಿ ಶಾಲೆಯ ಮಕ್ಕಳಿಗೆ ವಾರದಲ್ಲಿ ಒಂದು ಬೆಳಗ್ಗೆ ಮೀಸಲಿರಲಿ. ಅವರಿಗೆ ಹಕ್ಕಿಯ ಹೆಸರಿನ ಜೊತೆಗೆ ಒಡ್ಡಿನ ಕಥೆಯನ್ನೂ ಹೇಳಲಿ. ಕೋಟೆ ಮತ್ತು ಅರಮನೆ ಮಾತ್ರವೇ ಚರಿತ್ರೆಯೆಂದು ನಾವು ಕಲಿಸಿದ್ದೇವೆ. ಕಾಳಗದ ಇಸವಿ ಬಾಯಿಪಾಠವಿರುವ ಹುಡುಗನಿಗೆ ತನ್ನೂರಿನ ಗದ್ದೆಗೆ ನೀರುಣಿಸುವ ನಾಲೆಯ ವಯಸ್ಸು ಗೊತ್ತಿರುವುದಿಲ್ಲ.

ನಿಮ್ಮಲ್ಲಿ ಹಲವರು ಈಗ ಅಧಿಕಾರದ ಸ್ಥಾನಗಳಲ್ಲಿದ್ದೀರಿ. ಇಂಥ ಕಡತವೊಂದು ನಾಳೆ ನಿಮ್ಮ ಮೇಜಿಗೇ ಬಂದೀತು. ಸಹಿ ಹಾಕುವ ಮೊದಲು ಒಂದು ಬೆಳಗ್ಗೆ ಹುಟ್ಟಿನ ದೋಣಿಯಲ್ಲಿ ಕುಳಿತು ಆ ಬಂಡೆಗಳ ನಡುವೆ ಹೋಗಿ ಬನ್ನಿ. ಆಮೇಲೂ ಎಂಜಿನ್ನು ಬೇಕೆನಿಸಿದರೆ, ಕಾರಣವನ್ನು ನನಗೆ ಬರೆದು ತಿಳಿಸಿ.