ಎತ್ತುಗಳಿಲ್ಲದ ಯುದ್ಧ

ಆಟದ ಮೇಜಿಗೆ ರಾಜಕೀಯ ತರಬಾರದು ಎನ್ನುವುದು ವಾರ್‌ಗೇಮ್ ಸಮಾವೇಶಗಳ ಅಲಿಖಿತ ನಿಯಮ. ಇಂಗ್ಲೆಂಡಿನಲ್ಲಿ ಪಿಎಚ್.ಡಿ. ಮಾಡುತ್ತ, ಬಿಡುವಾದಾಗ ಇಲ್ಲಿನ ಸಣ್ಣ ಊರುಗಳ ಸಮಾವೇಶಗಳಲ್ಲಿ ಪುಟಾಣಿ ಸೈನಿಕರ ಆಟ ನಡೆಸುವ ನನಗೆ ಈ ನಿಯಮವನ್ನು ಹಲವರು ಹಲವು ದನಿಗಳಲ್ಲಿ ಹೇಳಿದ್ದಾರೆ. ಕೆಲವರು ನಗುತ್ತ ಹೇಳಿದರು, ಕೆಲವರು ಪಕ್ಕಕ್ಕೆ ಕರೆದು ಹೇಳಿದರು, ಒಬ್ಬ ಸಂಘಟಕರು ಇಮೇಲಿನಲ್ಲೇ ಬರೆದು ತಿಳಿಸಿದರು. ನನ್ನ ಉತ್ತರ ಇಷ್ಟೇ: ಈ ನಿಯಮವನ್ನು ಪಾಲಿಸಲು ಯಾರಿಂದಲೂ ಆಗುವುದಿಲ್ಲ. ಮೇಜಿನ ಮೇಲೆ ಯಾರನ್ನು ನಿಲ್ಲಿಸಬೇಕು, ಯಾರನ್ನು ಡಬ್ಬಿಯಲ್ಲೇ ಬಿಡಬೇಕು ಎಂದು ತೀರ್ಮಾನಿಸಿದ ಗಳಿಗೆಯಲ್ಲೇ ರಾಜಕೀಯ ಬಂದು ಕೂತಿರುತ್ತದೆ. ಮೈಸೂರು ಯುದ್ಧವನ್ನು ಆಡಿಸುವ ಮೇಜಿನ ಮೇಲೆ ಒಂದೂ ಎತ್ತು ಇಲ್ಲದಿದ್ದರೆ ಅದು ತಟಸ್ಥ ಆಟವಲ್ಲ. ಅದು ಸುಳ್ಳು.

ಈ ಲೋಕ ಗೊತ್ತಿಲ್ಲದವರಿಗಾಗಿ ಎರಡು ಮಾತು. ಇಲ್ಲಿನ ಸಮಾವೇಶ ಎಂದರೆ ಸಾಮಾನ್ಯವಾಗಿ ಒಂದು ಶಾಲೆಯ ಅಥವಾ ಕ್ರೀಡಾಕೇಂದ್ರದ ದೊಡ್ಡ ಹಾಲು. ಒಂದು ಬದಿಯಲ್ಲಿ ಬಣ್ಣ, ಬ್ರಷ್ಷು, ಸೀಸ ಮತ್ತು ಪ್ಲಾಸ್ಟಿಕ್ಕಿನ ಸೈನಿಕರನ್ನು ಮಾರುವ ಅಂಗಡಿಗಳು. ಇನ್ನೊಂದು ಬದಿಯಲ್ಲಿ ಆರಡಿ ಉದ್ದ, ನಾಲ್ಕಡಿ ಅಗಲದ ಮೇಜುಗಳು. ಅವುಗಳ ಮೇಲೆ ಗುಡ್ಡ, ಹೊಳೆ, ಕೋಟೆ, ಊರು, ಎಲ್ಲವೂ ಪುಟ್ಟದಾಗಿ. ಬಂದವರು ಯಾವುದಾದರೂ ಮೇಜಿನ ಮುಂದೆ ನಿಂತು ಆಡಬಹುದು. ಆಟ ನಡೆಸುವವರು ಅವರಿಗೆ ಹತ್ತು ನಿಮಿಷದಲ್ಲಿ ನಿಯಮ ಹೇಳಿಕೊಡಬೇಕು, ಒಂದು ಗಂಟೆಯಲ್ಲಿ ಆಟ ಮುಗಿಸಬೇಕು, ಮತ್ತೆ ಸೈನಿಕರನ್ನು ಮೊದಲಿನ ಜಾಗದಲ್ಲಿ ನಿಲ್ಲಿಸಿ ಮುಂದಿನವರನ್ನು ಕರೆಯಬೇಕು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಇದೇ ಕೆಲಸ. ಗಂಟಲು ಕಟ್ಟುತ್ತದೆ, ಕಾಲು ನೋಯುತ್ತದೆ. ಎಲ್ಲ ಬಲ್ಲವನೊಬ್ಬ ಬಂದು ನಿಮ್ಮ ಸಿಪಾಯಿಯ ಕೋಟಿನ ಗುಂಡಿಯ ಬಣ್ಣ ತಪ್ಪು ಎನ್ನುತ್ತಾನೆ. ಮಾತೇ ಆಡದ ಹುಡುಗನೊಬ್ಬ ದಾಳ ಹಿಡಿದು ತನ್ನ ಸರದಿಗೆ ಕಾಯುತ್ತಿರುತ್ತಾನೆ. ಇಬ್ಬರನ್ನೂ ಸಂಭಾಳಿಸಬೇಕು.

ಇದು ಮಕ್ಕಳಾಟ ಎನ್ನುವವರು ಇದರ ಹುಟ್ಟನ್ನು ನೋಡಬೇಕು. ಪ್ರಷ್ಯಾದ ರೈಸ್ವಿಟ್ಸ್ 1812ರಲ್ಲಿ ತನ್ನ ಯುದ್ಧದಾಟವನ್ನು ರಾಜನಿಗೆ ಒಪ್ಪಿಸಿದ. ಅವನ ಮಗ ಅದನ್ನು ತಿದ್ದಿ 1824ರಲ್ಲಿ ಪ್ರಕಟಿಸಿದ ಮೇಲೆ ಅದು ಸೇನಾಧಿಕಾರಿಗಳ ತರಬೇತಿಯ ಭಾಗವಾಯಿತು. ಆಡುವವರ ನಡುವೆ ನಿಂತು ಯಾರಿಗೆ ಏನು ಕಾಣುತ್ತದೆ, ಯಾರು ಎಷ್ಟು ಜನ ಸತ್ತರು ಎಂದು ಹೇಳುವ ತೀರ್ಪುಗಾರನೇ ಆ ಆಟದ ಜೀವ. ಸಮಾವೇಶದಲ್ಲಿ ಆಟ ನಡೆಸುವ ನನ್ನಂಥವರು ಅವನ ವಂಶದವರು. ಆಮೇಲೆ 1913ರಲ್ಲಿ ಎಚ್.ಜಿ. ವೆಲ್ಸ್ 'ಲಿಟ್ಲ್ ವಾರ್ಸ್' ಬರೆದ. ನೆಲದ ಮೇಲೆ ಆಟಿಕೆ ಸೈನಿಕರನ್ನು ನಿಲ್ಲಿಸಿ ಸ್ಪ್ರಿಂಗಿನ ಫಿರಂಗಿಯಿಂದ ಬೀಳಿಸುವ ಆಟದ ಪುಸ್ತಕ ಅದು. ಈ ಹವ್ಯಾಸದವರು ಅದನ್ನು ಮೂಲಗ್ರಂಥದಂತೆ ಗೌರವಿಸುತ್ತಾರೆ. ಆದರೆ ಅದರ ಕೊನೆಯಲ್ಲಿ ವೆಲ್ಸ್ ಮಾಡಿದ ವಾದವನ್ನು ಮರೆತವರೇ ಹೆಚ್ಚು. ಈ ಪುಟ್ಟ ಯುದ್ಧವನ್ನು ಆಡಿದವರಿಗೆ ನಿಜವಾದ ದೊಡ್ಡ ಯುದ್ಧ ಎಂಥ ಮೂರ್ಖತನ ಎಂದು ಅರ್ಥವಾಗುತ್ತದೆ ಎನ್ನುವುದು ಅವನ ವಾದ. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಮೂಲಗ್ರಂಥದಲ್ಲೇ ಇಷ್ಟು ರಾಜಕೀಯ ಇರುವಾಗ ನನ್ನ ಮೇಜಿನ ಮೇಲೆ ಮಾತ್ರ ಬೇಡ ಎಂದರೆ ಹೇಗೆ?

ಈಗ ಮೈಸೂರಿಗೆ ಬರುತ್ತೇನೆ. ಇಲ್ಲಿನ ಆಟಗಾರರಿಗೆ ಟಿಪ್ಪು ಹೊಸಬನಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಅವನ ಮರದ ಹುಲಿಯನ್ನು ಎಷ್ಟೋ ಜನ ಶಾಲೆಯ ದಿನಗಳಲ್ಲೇ ನೋಡಿದ್ದಾರೆ. ಬರ್ನಾರ್ಡ್ ಕಾರ್ನ್‌ವೆಲ್ 1997ರಲ್ಲಿ ಬರೆದ 'ಶಾರ್ಪ್ಸ್ ಟೈಗರ್' ಕಾದಂಬರಿಯನ್ನು ಓದಿ ಶ್ರೀರಂಗಪಟ್ಟಣದ ಹೆಸರು ಕಲಿತವರೂ ಇದ್ದಾರೆ. ಹಾಗಾಗಿ ಮೈಸೂರಿನ ಆಟ ಎಂದರೆ ಎರಡೇ ದೃಶ್ಯ: 1792ರ ಫೆಬ್ರವರಿ 6ರ ರಾತ್ರಿಯ ದಾಳಿ, ಇಲ್ಲವೇ 1799ರ ಮೇ 4ರಂದು ಒಡೆದ ಕೋಟೆಗೋಡೆಯ ಮೇಲೆ ನುಗ್ಗಿದ ದಾಳಿ. ಕೆಂಪು ಕೋಟಿನವರು ಒಂದು ಕಡೆ, ಹುಲಿಪಟ್ಟೆಯ ಬಟ್ಟೆಯವರು ಇನ್ನೊಂದು ಕಡೆ, ನಡುವೆ ಹತ್ತಿಯ ಹೊಗೆ ಬಿಡುವ ರಾಕೆಟ್ಟು. ನೋಡಲು ಚೆಂದ. ಆದರೆ ಕೆಂಪು ಕೋಟಿನವರು ಕೋಟೆಯವರೆಗೆ ಹೇಗೆ ಬಂದರು ಎಂದು ಆ ಮೇಜು ಹೇಳುವುದಿಲ್ಲ.

ಅದನ್ನು ಹೇಳುವುದು 1791ರ ಬೇಸಿಗೆ. ಆ ವರ್ಷ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆಯನ್ನು ಹಿಡಿದ. ಮೇ ತಿಂಗಳಲ್ಲಿ ಕಾನಕಾನಹಳ್ಳಿಯ ದಾರಿಯಲ್ಲಿ, ಅಂದರೆ ಇಂದಿನ ಕನಕಪುರದ ದಾರಿಯಲ್ಲಿ, ಶ್ರೀರಂಗಪಟ್ಟಣದತ್ತ ಹೊರಟ. ಟಿಪ್ಪು ದಾರಿಯುದ್ದಕ್ಕೂ ಮೇವು, ದವಸ ಸಿಗದ ಹಾಗೆ ಮಾಡಿದ್ದ. ಮೇ 15ರಂದು ಅರಕೆರೆಯ ಹತ್ತಿರ ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸ್ ಗೆದ್ದ. ಗೆದ್ದು ಏನು ಮಾಡಿದ? ಕೋಟೆ ಒಡೆಯಲು ತಂದಿದ್ದ ತನ್ನ ದೊಡ್ಡ ತೋಪುಗಳನ್ನು ತಾನೇ ನಾಶ ಮಾಡಿ ಬೆಂಗಳೂರಿನತ್ತ ಹಿಂದಿರುಗಿದ. ತೋಪು ಎಳೆಯುವ ಎತ್ತುಗಳು ಸತ್ತುಹೋಗಿದ್ದವು. ಒಂದೊಂದು ದೊಡ್ಡ ತೋಪಿಗೆ ಹತ್ತಾರು ಎತ್ತು ಬೇಕು. ಮೇವಿಲ್ಲ, ಮಳೆ ಬೇರೆ ಹಿಡಿದಿತ್ತು. ವಾಪಸಾಗುವ ದಾರಿಯಲ್ಲಿ ಮರಾಠರ ಸೈನ್ಯ ಸಿಕ್ಕಿದ್ದರಿಂದ ಅವನ ಪಡೆಗೆ ಊಟ ದೊರೆಯಿತು, ಅದೂ ಮರಾಠರ ಬಜಾರಿನಲ್ಲಿ ದುಬಾರಿ ಬೆಲೆ ತೆತ್ತು. ಮುಂದಿನ ವರ್ಷದ ದಂಡಯಾತ್ರೆಗೆ ಮುಂಚೆ ಅವನು ಮಾಡಿದ ಮುಖ್ಯ ಸಿದ್ಧತೆ ಏನೆಂದರೆ, ಎತ್ತುಗಳನ್ನು ಕೂಡಿಸಿದ್ದು ಮತ್ತು ಹೇರೆತ್ತಿನ ಮೇಲೆ ದವಸ ಸಾಗಿಸುವ ಬಂಜಾರರನ್ನು, ಅಂದರೆ ಬ್ರಿಟಿಷರು 'ಬ್ರಿಂಜಾರಿ' ಎಂದು ಬರೆದಿಟ್ಟ ಜನರನ್ನು, ತನ್ನ ಕಡೆಗೆ ಸೆಳೆದದ್ದು. 1792ರ ಆ ರಾತ್ರಿ ದಾಳಿಯ ಹಿಂದೆ ಇರುವುದು ಇದು. ಆಮೇಲೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟದ್ದರ ಹಿಂದೆ ಇರುವುದೂ ಇದೇ.

ನನ್ನ ಸಂಶೋಧನೆಯ ವಿಷಯವೇ ಈ ಸೇನಾ ಸರಬರಾಜು. ಆದ್ದರಿಂದ ನಾನು ನಡೆಸುವ ಆಟ 1791ರದು. ಮೇಜಿನ ಒಂದು ತುದಿಯಲ್ಲಿ ಬೆಂಗಳೂರು, ಇನ್ನೊಂದು ತುದಿಯಲ್ಲಿ ಕಾವೇರಿ. ಐದು ಜನ ಆಡಬಹುದು: ಕಂಪನಿಯ ಕಡೆ ಇಬ್ಬರು, ಮೈಸೂರಿನ ಕಡೆ ಇಬ್ಬರು, ಬಂಜಾರರ ತಾಂಡಾಕ್ಕೆ ಒಬ್ಬರು. ಸೈನಿಕರ ಎತ್ತರ 15 ಮಿಲಿಮೀಟರ್. ಅವರಿಗಿಂತ ಹೆಚ್ಚು ಜಾಗ ಹಿಡಿಯುವುದು ಎತ್ತುಗಳು. ನಿಯಮ ಒಂದೇ ಹಾಳೆಯಲ್ಲಿದೆ. ಪ್ರತಿ ಸರದಿಯಲ್ಲಿ ಎತ್ತಿನ ಹಿಂಡು ನಿಂತಿರುವ ಜಾಗದಲ್ಲಿ ಮೇವಿದೆಯೇ ನೋಡಿ; ಇಲ್ಲದಿದ್ದರೆ ದಾಳ ಹಾಕಿ ಎಷ್ಟು ಸತ್ತವೆಂದು ತಿಳಿಯಿರಿ; ಎತ್ತು ಸಾಲದ ತೋಪು ಅಲ್ಲೇ ನಿಲ್ಲುತ್ತದೆ. ಮೈಸೂರಿನವರು ಮೇವು ಸುಡಬಹುದು, ಆದರೆ ಸುಟ್ಟ ಪ್ರತಿ ಹಳ್ಳಿಯ ಮೇಲೂ ಒಂದು ಕಪ್ಪು ಬಿಲ್ಲೆ ಇಡಬೇಕು. ಆ ಬಿಲ್ಲೆಯನ್ನು ಆಟ ಮುಗಿಯುವವರೆಗೆ ಯಾರೂ ತೆಗೆಯುವಂತಿಲ್ಲ. ಕೊನೆಗೆ ಗೆದ್ದವರು ಯಾರು ಎಂದು ಹೇಳುವ ಮುಂಚೆ ನಾನು ಬಿಲ್ಲೆಗಳನ್ನೂ ಸತ್ತ ಎತ್ತುಗಳನ್ನೂ ಗಟ್ಟಿಯಾಗಿ ಎಣಿಸುತ್ತೇನೆ.

ಸಂಘಟಕರ ಇಮೇಲು ಬಂದದ್ದು ಈ ಕಪ್ಪು ಬಿಲ್ಲೆಗಳ ಬಗ್ಗೆ. ಜನ ರಜೆಯ ದಿನ ಖುಷಿಗಾಗಿ ಬರುತ್ತಾರೆ, ಹಳ್ಳಿ ಸುಟ್ಟದ್ದನ್ನು ಎಣಿಸಿ ಅವರ ಮನಸ್ಸು ಕೆಡಿಸುವುದು ಯಾಕೆ ಎಂಬ ಧಾಟಿ. ಅದೇ ಹಾಲಿನಲ್ಲಿ, ಎರಡು ಮೇಜು ಆಚೆ, ಸತ್ತ ಸೈನಿಕರನ್ನು ಹಿಡಿಹಿಡಿಯಾಗಿ ಎತ್ತಿ ಡಬ್ಬಿಗೆ ಹಾಕುತ್ತಿದ್ದರು. ಅದರಿಂದ ಯಾರ ಮನಸ್ಸೂ ಕೆಡುವುದಿಲ್ಲ. ಸೈನಿಕನ ಸಾವು ಆಟ, ರೈತನ ಹಸಿವು ರಾಜಕೀಯ. ಈ ಗೆರೆಯನ್ನು ಎಳೆದವರು ಯಾರು? ಎಳೆದವರಿಗೆ ತಾವು ಎಳೆದದ್ದು ಗೊತ್ತಿಲ್ಲ ಎನ್ನುವುದೇ ನನ್ನ ತಕರಾರು. ಬಿಲ್ಲೆಗಳನ್ನು ನಾನು ತೆಗೆಯಲಿಲ್ಲ. ಮುಂದಿನ ವರ್ಷ ನನಗೆ ಅಲ್ಲಿ ಮೇಜು ಸಿಗಲಿಲ್ಲ. ಬೇರೆ ಊರಿನವರು ಕೊಟ್ಟರು.

ಖುಷಿಯ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವವನಲ್ಲ. ಬೇಸರ ಹಿಡಿಸುವ ಆಟದಿಂದ ಯಾರೂ ಏನೂ ಕಲಿಯುವುದಿಲ್ಲ; ಅವರು ಎದ್ದು ಹೋಗುತ್ತಾರೆ, ಅಷ್ಟೇ. ನಿವೃತ್ತರೊಬ್ಬರು ಎರಡನೇ ಸರದಿಯಲ್ಲೇ 'ಹೊಡೆದಾಟ ಯಾವಾಗ?' ಎಂದು ಕೇಳಿ, ನಾಲ್ಕನೆಯದಕ್ಕೆ ಚಹಾ ಕುಡಿಯಲು ಹೋದವರು ಬರಲೇ ಇಲ್ಲ. ಅದೇ ಆಟದಲ್ಲಿ ಬಂಜಾರರ ಕುರ್ಚಿಯಲ್ಲಿ ಕೂತಿದ್ದ ಹನ್ನೆರಡರ ಹುಡುಗಿ ತನ್ನ ಕೈಯಲ್ಲಿ ಒಂದೂ ಬಂದೂಕಿಲ್ಲ, ಆದರೂ ನಾಲ್ವರು ದೊಡ್ಡವರು ತನ್ನ ಮುಖವನ್ನೇ ನೋಡುತ್ತಿದ್ದಾರೆ ಎಂದು ಕಂಡುಕೊಂಡಳು. ದವಸದ ಬೆಲೆಯನ್ನು ಎರಡು ಸಲ ಏರಿಸಿದಳು. ಕಂಪನಿಯವರು ಗೋಗರೆದರು, ಮೈಸೂರಿನವರು ಬೆದರಿಸಿದರು. ಮೇಜಿನ ಸುತ್ತ ಜನ ಸೇರಿದರು. ಅಷ್ಟು ನಗು, ಅಷ್ಟು ಗದ್ದಲ ಆ ದಿನ ಬೇರೆ ಯಾವ ಮೇಜಿನಲ್ಲೂ ಇರಲಿಲ್ಲ. ಎತ್ತು ಬಂದರೆ ಖುಷಿ ಹೋಗುತ್ತದೆ ಎನ್ನುವವರು ಎತ್ತಿನ ಜೊತೆ ಆಡಿ ನೋಡಿಲ್ಲ.

ಇನ್ನೊಂದು ಆಕ್ಷೇಪ ಸಮತೋಲದ್ದು. ಎರಡೂ ಕಡೆಗೆ ಸಮಾನ ಅಂಕಗಳ ಸೈನ್ಯ ಇದ್ದರೆ ಮಾತ್ರ ಆಟ ನ್ಯಾಯವಾಗಿರುತ್ತದೆ ಎಂದು ಈ ಹವ್ಯಾಸದ ಬಹುಪಾಲು ಜನ ನಂಬಿದ್ದಾರೆ. ಪಂದ್ಯಾವಳಿಗಳಿಗೆ ಅದು ಬೇಕು, ಒಪ್ಪಿದೆ. ಆದರೆ ಆಡು-ಹುಲಿ ಆಟ ಆಡಿ ಬೆಳೆದವರಿಗೆ ಈ ಪಾಠ ಹೇಳಬೇಡಿ. ಮೂರು ಹುಲಿ, ಹದಿನೈದು ಆಡು. ಹುಲಿ ಹಾರಿ ತಿನ್ನುತ್ತದೆ, ಆಡು ಒತ್ತೊತ್ತಾಗಿ ನಿಂತು ದಾರಿ ಕಟ್ಟುತ್ತದೆ. ಎರಡಕ್ಕೂ ಕೆಲಸ ಬೇರೆ, ಬಲ ಬೇರೆ, ಗೆಲುವಿನ ಅರ್ಥವೇ ಬೇರೆ. ಆದರೂ ಆಟ ನ್ಯಾಯವಾಗಿದೆ. ಬಲಹೀನರ ಕಡೆಯಿಂದಲೂ ಒಂದು ಆಟವಿರುತ್ತದೆ ಎಂದು ನಮ್ಮ ಜಗಲಿಗಳು ಯಾವತ್ತೋ ಕಂಡುಕೊಂಡಿದ್ದವು. ಬಂಜಾರರ ಕುರ್ಚಿಯನ್ನು ನಾನು ಕಲಿತದ್ದು ಅಲ್ಲಿಂದ, ಯಾವ ಇಂಗ್ಲಿಷ್ ನಿಯಮಪುಸ್ತಕದಿಂದಲೂ ಅಲ್ಲ.

ಎದುರು ಬಣದಲ್ಲಿ ನನ್ನ ಗೆಳೆಯರೇ ಇದ್ದಾರೆ. ವಸಾಹತುಶಾಹಿ ಯುದ್ಧವನ್ನು ಆಟ ಮಾಡುವುದೇ ಅವಮಾನ, ಆ ಹಾಲಿಗೆ ಕಾಲಿಡಬೇಡ ಎನ್ನುತ್ತಾರೆ. ಈ ಮಾತಿನಲ್ಲಿ ನೋವಿದೆ, ಆದರೆ ದಾರಿಯಿಲ್ಲ. ನಾನು ಹೋಗದಿದ್ದರೆ ಆ ಆಟ ನಿಲ್ಲುವುದಿಲ್ಲ, ಎತ್ತಿಲ್ಲದೆ ನಡೆಯುತ್ತದೆ. ನನ್ನ ಪ್ರಬಂಧವನ್ನು ಎಷ್ಟು ಜನ ಓದಿಯಾರು? ಮಾರ್ಗದರ್ಶಕರು, ಪರೀಕ್ಷಕರು, ಪ್ರೀತಿಯಿದ್ದರೆ ತಂಗಿ. ಒಂದು ಶನಿವಾರ ನನ್ನ ಮೇಜಿನಲ್ಲಿ ಆಡುವವರ ಸಂಖ್ಯೆ ಅದನ್ನು ಮೀರುತ್ತದೆ. ಅವರು ಓದುವುದಿಲ್ಲ, ತೀರ್ಮಾನ ತೆಗೆದುಕೊಳ್ಳುತ್ತಾರೆ. ಹಳ್ಳಿ ಸುಡಬೇಕೋ ಬೇಡವೋ ಎಂದು ಅರ್ಧ ನಿಮಿಷ ಕೈ ತಡೆಯುತ್ತಾರೆ. ಆ ಅರ್ಧ ನಿಮಿಷವನ್ನು ಯಾವ ಸೆಮಿನಾರೂ ನನಗೆ ಕೊಟ್ಟಿಲ್ಲ. ಇತಿಹಾಸ ಓದಿದವರು ಈ ಮೇಜನ್ನು ಕೀಳೆಂದು ಬಿಟ್ಟುಕೊಟ್ಟದ್ದರಿಂದಲೇ ಅದು ಗುಂಡಿಯ ಬಣ್ಣ ಎಣಿಸುವವರ ಪಾಲಾಗಿದೆ.

ಕನ್ನಡಿಗರಿಗೂ ಇಲ್ಲೊಂದು ಮಾತಿದೆ. ನಮ್ಮಲ್ಲಿ ಟಿಪ್ಪುವಿನ ಚರ್ಚೆ ಎಂದರೆ ಎರಡೇ ಕುರ್ಚಿ: ವೀರ ಅಥವಾ ಕ್ರೂರಿ. ಸರ್ಕಾರ 2015ರಲ್ಲಿ ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಎರಡೂ ಸಲ ಕೂಗಾಡಿದ್ದು ರಾಜನ ಬಗ್ಗೆಯೇ. ಅವನ ಅಮೃತಮಹಲಿನ ಎತ್ತುಗಳನ್ನು ಕಾದವರು ಯಾರು, ಮೇವು ಸುಟ್ಟ ಮೇಲೆ ಮಳವಳ್ಳಿ, ಕನಕಪುರದ ಕಡೆಯ ಮನೆಗಳಲ್ಲಿ ಹಸುವಿಗೆ ಏನು ಹಾಕಿದರು ಎಂದು ಯಾವ ಕಡೆಯವರೂ ಕೇಳಲಿಲ್ಲ. ಇಂಗ್ಲೆಂಡಿನ ಹಾಲಿನಲ್ಲಿ ಕಾಣೆಯಾದ ಎತ್ತು ನಮ್ಮ ಟಿವಿ ಚರ್ಚೆಯಲ್ಲೂ ಕಾಣೆಯಾಗಿದೆ.

ಆಟ ನಡೆಸುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ಯುದ್ಧ ಯಾವುದೇ ಇರಲಿ, ಆ ಸೈನ್ಯಕ್ಕೆ ಊಟ ತಂದವರನ್ನು ಮೇಜಿನ ಮೇಲೆ ತನ್ನಿ. ಅವರಿಗೆ ಒಂದು ಕುರ್ಚಿ ಕೊಡಿ, ಇಲ್ಲ ಎನ್ನುವ ಅಧಿಕಾರ ಕೊಡಿ. ನಿಯಮ ಒಂದು ಹಾಳೆಯನ್ನು ಮೀರದಿರಲಿ. ಬೆಂಗಳೂರಿನಲ್ಲಿ ಈಗ ಬೋರ್ಡ್ ಗೇಮ್ ಕೆಫೆಗಳಿವೆ, ವಾರಾಂತ್ಯದಲ್ಲಿ ಆಡುವ ಗುಂಪುಗಳಿವೆ. ಓದು ಮುಗಿಸಿ ಬಂದ ಮೇಲೆ ಈ ಮೇಜನ್ನು ಮೊದಲು ಅಲ್ಲಿ, ಆಮೇಲೆ ಮಂಡ್ಯದ ಯಾವುದಾದರೂ ಕಾಲೇಜಿನಲ್ಲಿ ಹಾಕಬೇಕೆಂದಿದ್ದೇನೆ. ನಿಯಮದ ಹಾಳೆ ಕನ್ನಡದಲ್ಲಿ ಸಿದ್ಧವಿದೆ. ಸೈನಿಕರು ಸಾಕಷ್ಟಿದ್ದಾರೆ. ಎತ್ತುಗಳಿಗೆ ಬಣ್ಣ ಬಳಿಯಲು ಜನ ಬೇಕು.